ಗುರುವಾರ ಇಳಿದ ಅಂಕಿ

ಮಾರ್ಚ್ ೯, ಸೋಮವಾರ

ಬೆಳಿಗ್ಗೆ ಒಂಬತ್ತೂವರೆಗೆ ಯಂತ್ರ ಒಂದು ಟ್ಯೂಬಿಗೆ ಅಂಕಿ ಕೊಡದೆ ಗೀಟು ಹಾಕಿ ಸುಮ್ಮನಾಯಿತು. ಅಳತೆ ಮೀರಿದಾಗ ಅದು ಹೀಗೇ ಮಾಡುತ್ತದೆ. ಇಪ್ಪತ್ತು ಪಾಲು ತೆಳು ಮಾಡಿ ಮತ್ತೆ ಹಾಕಿದೆ. ಎಎಲ್‌ಟಿ ೭೮೪೦. ನಲವತ್ತು ದಾಟಬಾರದ ಅಂಕಿ ಅದು. ಯಾರದೋ ಲಿವರ್ ಒಳಗೊಳಗೇ ಕುಸಿಯುತ್ತಿದೆ ಅಂದುಕೊಂಡೆ. ಹಾಗಂದುಕೊಂಡೇ ಚಹಾ ಮುಗಿಸಿದೆ. ಇಂಥ ಅಂಕಿ ಬಂದರೆ ಲ್ಯಾಬಿನವರು ಕೂಡಲೇ ವಾರ್ಡಿಗೆ ಫೋನ್ ಮಾಡಿ ತಿಳಿಸಬೇಕು, ಅದು ನಿಯಮ. ನರ್ಸ್ ಹೆಸರು ಕೇಳಿದಳು. ಟ್ಯೂಬ್ ತಿರುಗಿಸಿ ಓದಿದೆ. ಓದಿ ಮುಗಿಸಿದ ಮೇಲೆ ನನ್ನ ಕಿವಿಗೆ ಬಿತ್ತು, ಅದು ಅಕ್ಕನ ಹೆಸರು. ವಯಸ್ಸು ಐವತ್ತೊಂದು.

"ಸರ್, ಲೈನಲ್ಲಿದೀರಾ?"

"ಇದೀನಿ. ಬರ್ಕೊಳ್ಳಿ" ಅಂದೆ. ಅಂಕಿಯನ್ನು ಎರಡು ಸಲ ಹೇಳಿದೆ. ಅದೂ ನಿಯಮ.

ಎರಡು ಮಹಡಿ ಮೇಲಿನ ವಾರ್ಡ್. ಅಕ್ಕ ಕಿಟಕಿಯ ಪಕ್ಕದ ಹಾಸಿಗೆಯಲ್ಲಿದ್ದಳು. ಬಲಗೆನ್ನೆ ಊದಿತ್ತು, ಕಣ್ಣಿನ ಬಿಳಿ ಹಳೇ ಕಾಗದದ ಬಣ್ಣಕ್ಕೆ ತಿರುಗಿತ್ತು. ನನ್ನನ್ನು ಕಂಡು, "ಕೆಲಸ ಬಿಟ್ಟು ಯಾಕೋ ಬಂದೆ?" ಅಂದಳು. "ವಾಂತಿ ಮಾಡಿ ಮಾಡಿ ಈಗ ವಾಂತಿಗೇ ಬೇಜಾರಾಗಿ ನಿಂತಿದೆ ನೋಡು."

ಅವಳ ಗಂಡ ಗೋಡೆಗೊರಗಿ ನಿಂತಿದ್ದ. ಆರು ವರ್ಷದ ಮೇಲೆ ಆ ಮನುಷ್ಯನ ಮುಖ ನೋಡಿದೆ. ಲಿಫ್ಟ್ ರಿಪೇರಿ ಮಾಡುವವನು, ಮೈಮೇಲೆ ಅದೇ ಗ್ರೀಸ್ ಮೆತ್ತಿದ ನೀಲಿ ಅಂಗಿ. ಅಮ್ಮ ತೀರಿಕೊಂಡ ದಿನ ಯಾವುದೋ ಕಟ್ಟಡದ ಲಿಫ್ಟಿನಲ್ಲಿ ಮೂವರು ಸಿಕ್ಕಿಕೊಂಡಿದ್ದಾರೆಂದು ಹೋದವನು ಎಲ್ಲ ಮುಗಿದ ಮೇಲೆ ಬಂದ. ನಾನು ಆಡಬಾರದ್ದನ್ನು ಆಡಿದೆ, ಅವನೂ ಬಿಡಲಿಲ್ಲ. ಅಂದಿನಿಂದ ಅಕ್ಕ ನನ್ನೊಡನೆ ಮಾತಾಡಬೇಕೆಂದರೆ ಫೋನ್ ಹಿಡಿದು ಮನೆಯಾಚೆ ಬರುತ್ತಾಳೆ.

ಡಾಕ್ಟರು ಅವಳ ಕೈಚೀಲ ಸುರಿಯಲು ಹೇಳಿದರು. ಮಾತ್ರೆಯ ಖಾಲಿ ಸ್ಟ್ರಿಪ್ಪುಗಳು ಬಿದ್ದವು, ಹದಿನಾರು. ಹತ್ತು ದಿನದಿಂದ ಹಲ್ಲುನೋವಂತೆ. ಅರ್ಧ ನೋವಿನ ಮಾತ್ರೆ, ಅರ್ಧ ನೆಗಡಿಯ ಮಾತ್ರೆ. ಹೆಸರು ಬೇರೆ, ಬಣ್ಣ ಬೇರೆ, ಒಳಗಿರುವ ಔಷಧಿ ಒಂದೇ. ದಿನಕ್ಕೆ ಹದಿನಾರು ನುಂಗಿದ್ದಾಳೆ. ಅಳತೆ ಮೀರದಿದ್ದರೆ ಮಗುವಿಗೂ ಕೊಡಬಹುದಾದ ಮಾತ್ರೆ ಅದು. ಇಷ್ಟಾದರೆ ಲಿವರ್ ತಿನ್ನುತ್ತದೆ.

ಒಂದೇ ಮನೆಯಲ್ಲಿ, ಒಂದೇ ಮಂಚದಲ್ಲಿ ಮಲಗುವ ಗಂಡನಿಗೆ ಕೆನ್ನೆ ಊದಿದ್ದು ಕಾಣಲಿಲ್ಲವೇ? ಲಿಫ್ಟಿನ ತಂತಿಯಲ್ಲಿ ಕೂದಲೆಳೆಯ ಬಿರುಕು ಹುಡುಕುವವನಿಗೆ?

ಮಾರ್ಚ್ ೧೦, ಮಂಗಳವಾರ

೯೩೧೦.

ಸ್ವಂತದವರ ರಕ್ತವನ್ನು ಬೇರೆಯವರು ನೋಡಬೇಕು. ಲ್ಯಾಬಿನ ಹಿರಿಯರು, ಎಲ್ಲರೂ ದೊಡ್ಡಮ್ಮ ಅಂತಲೇ ಕರೆಯುತ್ತೇವೆ, ಮುಂದಿನ ವರ್ಷ ನಿವೃತ್ತಿ. ಅವರು ಬಂದು, "ಕೊಡಪ್ಪಾ, ನಾನು ಹಾಕ್ತೀನಿ" ಅಂದರು. ಕೊಡಲಿಲ್ಲ. ಇಪ್ಪತ್ತೆರಡು ವರ್ಷ ಯಾರ್ಯಾರದೋ ರಕ್ತ ನೋಡಿದ್ದೇನೆ, ಅಕ್ಕನದನ್ನು ಇನ್ನೊಬ್ಬರ ಕೈಗೆ ಕೊಟ್ಟು ನಾನು ಎಲ್ಲಿ ನಿಲ್ಲಲಿ?

ಮಧ್ಯಾಹ್ನ ಅಕ್ಕನ ಮಗಳು ಲ್ಯಾಬಿನ ಗಾಜಿನ ಕಿಂಡಿಯ ಹತ್ತಿರ ಬಂದು ನಿಂತಳು. ಹದಿನಾರು ವರ್ಷ, ಆದರೂ ಎಲ್ಲರಿಗೂ ಪುಟ್ಟಿಯೇ. ಗುರುವಾರದಿಂದ ಅವಳ ದೊಡ್ಡ ಪರೀಕ್ಷೆ.

"ಮಾಮ, ಅದೇನು ಅಂಕಿ? ಅಪ್ಪಂಗೆ ಅರ್ಥ ಆಗ್ಲಿಲ್ಲ. ನಂಗೆ ಹೇಳಿ."

ಹೇಳಿದೆ. ಲಿವರಿನ ಒಂದೊಂದು ಕೋಶದ ಒಳಗೂ ಕೆಲಸ ಮಾಡುವ ಕಿಣ್ವಗಳಿರುತ್ತವೆ. ಅವು ಇರಬೇಕಾದ್ದು ಕೋಶದೊಳಗೆ. ಕೋಶ ಒಡೆದರೆ ಹೊರಗೆ ಚೆಲ್ಲಿ ರಕ್ತಕ್ಕೆ ಸೇರುತ್ತವೆ. ಹೊರಗೆ ಎಷ್ಟಿದೆ ಅಂತ ಅಳೆದರೆ ಒಳಗೆ ಎಷ್ಟು ಒಡೆದಿದೆ ಅಂತ ಗೊತ್ತಾಗುತ್ತದೆ. ಹೃದಯಕ್ಕೆ, ಸ್ನಾಯುವಿಗೆ, ಬೇರೆ ಬೇರೆ ಕಿಣ್ವಗಳ ಲೆಕ್ಕ. ಇದು ಲಿವರಿನದು.

"ಅಂದ್ರೆ ಅಂಕಿ ಇಳಿದ್ರೆ ಒಡೆಯೋದು ನಿಂತಿದೆ ಅಂತ."

"ಹೂಂ."

ಜಾಣೆ. ಪುಸ್ತಕದಲ್ಲಿ ಗೀಟೆಳೆದು ಎರಡು ಚುಕ್ಕೆ ಇಟ್ಟಳು. ಅಂಕಿ ಇಳಿಯುವುದಕ್ಕೆ ಇನ್ನೊಂದು ಕಾರಣವೂ ಉಂಟು, ಅದನ್ನು ಹೇಳಲಿಲ್ಲ. ಈಗಲೇ ಯಾಕೆ?

ಮಾರ್ಚ್ ೧೧, ಬುಧವಾರ

೧೦,೪೬೦.

ಔಷಧಿಯ ಡ್ರಿಪ್ ಹಗಲೂ ರಾತ್ರಿ ಹೋಗುತ್ತಿದೆ. ತಡವಾಗಿದೆ ಅಂದರು ಡಾಕ್ಟರು.

ಬರೆಯಲೇಬೇಕು. ಎಲ್ಲೂ ಹೇಳದಿದ್ದರೂ ಇಲ್ಲಿ ಬರೆಯಬೇಕು.

ಹೋದ ತಿಂಗಳ ಕೊನೆಯಲ್ಲಿ ಅಕ್ಕ ಫೋನ್ ಮಾಡಿದ್ದಳು. ನಾನು ಯಂತ್ರ ಸರಿಯಾಗಿ ಅಳೆಯುತ್ತಿದೆಯೇ ಎಂದು ಬೆಳಗಿನ ತಾಳೆ ನೋಡುತ್ತಿದ್ದೆ, ಅಂಕಿ ಸರಿ ಕೂಡುತ್ತಿರಲಿಲ್ಲ. ಭುಜಕ್ಕೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು ಮಾತಾಡಿದೆ. "ಹಲ್ಲುನೋವು ಕಣೋ. ನೋವಿನ ಮಾತ್ರೆ ಸಾಲ್ತಿಲ್ಲ. ಮನೇಲಿ ನೆಗಡಿದಿದೆ, ಅದ್ರಲ್ಲೂ ನೋವು ಇಳಿಯುತ್ತೆ ಅಂತ ಬರೆದಿದೆ. ಎರಡೂ ತಗೋಬಹುದಾ? ಎರಡೂ ಬೇರೆ ಬೇರೆ ತಾನೆ?"

"ಹೂಂ ತಗೋ, ಏನೂ ಆಗಲ್ಲ" ಅಂದೆ.

ಯಾವ ಮಾತ್ರೆ ಎಂದು ಕೇಳಲಿಲ್ಲ. ಎಷ್ಟು ಎಂದು ಕೇಳಲಿಲ್ಲ. ಆ ದಿನದ ತಾಳೆ ಮಾತ್ರ ಕೊನೆಗೆ ಸರಿ ಕೂಡಿತು.

ಮಾರ್ಚ್ ೧೨, ಗುರುವಾರ

೭೩೮೦. ಇಳಿಯಿತು.

ಆರು ಗಂಟೆಗೆ ತೆಗೆದ ರಕ್ತ. ಏಳಕ್ಕೆ ಅಂಕಿ ನೋಡಿ ಒಂದು ಗಳಿಗೆ ನನ್ನ ಎದೆಯೂ ಹಗುರಾಯಿತು. ಪಕ್ಕದ ಯಂತ್ರದಲ್ಲಿ ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಇನ್ನೂ ಓಡುತ್ತಿತ್ತು. ಲಿವರ್ ಬದುಕಿದ್ದರೆ ಹೆಪ್ಪುಗಟ್ಟಿಸುವ ವಸ್ತುವನ್ನು ಅದೇ ತಯಾರಿಸುತ್ತದೆ. ಹದಿನೈದು ಸೆಕೆಂಡಿಗೆ ಮುಗಿಯಬೇಕಾದ್ದು ನಿನ್ನೆ ನಲವತ್ತೆಂಟು ತಗೊಂಡಿತ್ತು. ಇವತ್ತು ಎಪ್ಪತ್ತೊಂದು.

ಒಡೆಯುವುದು ನಿಂತಿದೆ, ಸರಿ. ಒಡೆಯಲು ಏನೂ ಉಳಿದಿಲ್ಲದೆ ನಿಂತಿದೆ.

ಪುಟ್ಟಿ ಎಂಟು ಗಂಟೆಗೆ ಪರೀಕ್ಷೆಯ ಚೀಲ ಹೆಗಲಿಗೇರಿಸಿ ಬಂದಳು. "ಎಷ್ಟು ಮಾಮ?" ಹೇಳಿದೆ. ಅವಳ ಮುಖ ನೋಡಬೇಕಿತ್ತು. ಚುಕ್ಕೆ ಇಟ್ಟು ಗೆರೆ ಕೆಳಗೆ ಎಳೆದಳು. "ಹೋಗ್ಲಾ ಹಾಗಾದ್ರೆ? ಅಮ್ಮನ ಹತ್ರ ಇರೋಣ ಅಂತಿದ್ದೆ."

"ಇಳೀತಿದೆಯಲ್ಲ. ಹೋಗಿ ಬರೆದು ಬಾ" ಅಂದೆ.

ಆ ಮನುಷ್ಯ ಲಿಫ್ಟಿನ ಹತ್ತಿರ ನಿಂತಿದ್ದ. ಇಲ್ಲಿಯ ಲಿಫ್ಟಿನ ಸದ್ದು ಅವನಿಗೆ ಸಹಿಸಲಾಗುವುದಿಲ್ಲ, ಬಾಗಿಲಿಗೆ ಕಿವಿ ಕೊಟ್ಟು ಕೇಳುತ್ತಾನೆ. ನನ್ನನ್ನು ನೋಡಿ, "ಇಳೀತಂತಲ್ಲ" ಅಂದ. ಆರು ವರ್ಷದಲ್ಲಿ ಮೊದಲ ಮಾತು.

"ಹೂಂ" ಅಂದೆ.

ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅಕ್ಕನ ಪಕ್ಕ ಕೂತಿದ್ದೆ. ಎಚ್ಚರವಾಗಿದ್ದಳು. ಕಿಟಕಿ ಮುಚ್ಚು ಅಂದಳು, ಮತ್ತೆ ತೆಗಿ ಅಂದಳು. ಏನೇನೋ ಕೇಳಿದಳು. ನಾಲ್ಕು ಗಂಟೆಯ ಮೇಲೆ ಕರೆದರೆ ಓ ಅನ್ನಲಿಲ್ಲ. ಸಂಜೆ ತೀವ್ರ ನಿಗಾದ ಕೋಣೆಗೆ ಸಾಗಿಸಿದರು.

ಮಾರ್ಚ್ ೧೩, ಶುಕ್ರವಾರ

೫೧೫೦. ಇನ್ನು ಈ ಅಂಕಿಯನ್ನು ನೋಡಬೇಡಿ ಅಂದರು ಡಾಕ್ಟರು. ನನಗೆ ಹೇಳಿದ್ದಲ್ಲ, ಅವನಿಗೆ. ಅಕ್ಕನ ಗಂಡನಿಗೆ.

ಉಳಿದಿರುವುದು ಒಂದೇ ದಾರಿ, ಬೇರೆ ಲಿವರ್. ತೀರಿಕೊಂಡವರದು ಸಿಗಲೆಂದು ಹೆಸರು ಬರೆಸಿದ್ದಾರೆ, ಅದು ಯಾವಾಗಲೋ. ಇಲ್ಲವಾದರೆ ಹತ್ತಿರದ ಸಂಬಂಧಿ ಯಾರಾದರೂ ಒಂದು ಭಾಗ ಕೊಡಬೇಕು. ಗಂಡನ ರಕ್ತದ ಗುಂಪು ಹೊಂದುವುದಿಲ್ಲ. ಪುಟ್ಟಿಗೆ ವಯಸ್ಸಾಗಿಲ್ಲ. ಅಕ್ಕನದೂ ನನ್ನದೂ ಒಂದೇ ಗುಂಪು.

ಅವನು ಲ್ಯಾಬಿನ ಕಿಂಡಿಗೆ ಬಂದ. ಕೈಯಲ್ಲಿದ್ದ ಟೋಪಿಯನ್ನು ಹಿಂಡುತ್ತಾ ನಿಂತ.

"ನಿಮ್ಮನ್ನ ಕೇಳೋ ಹಕ್ಕು ನಂಗಿಲ್ಲ…"

"ಕೊಡ್ತೀನಿ" ಅಂದೆ.

"ಪೂರ್ತಿ ಕೇಳಿ. ಅದು ದೊಡ್ಡ ಆಪರೇಷನ್ನು. ನಿಮಗೂ…"

"ಗೊತ್ತು. ಕೊಡ್ತೀನಿ."

ಅವನು ಕಿಂಡಿಯ ಕಟ್ಟೆಯ ಮೇಲೆ ಅಂಗೈ ಊರಿ, ಟೋಪಿ ಹಾಕಿಕೊಂಡು ಹೋದ. ಎಷ್ಟೋ ವರ್ಷದ ಮೇಲೆ ನನ್ನಿಂದ ಒಂದು ಉಪಯೋಗ ಆಗುತ್ತದೆ ಅನ್ನಿಸಿತು. ತಪ್ಪಿಗೆ ತಕ್ಕ ದಂಡ ಕೈಗೆಟಕುವಷ್ಟು ಹತ್ತಿರ ಬಂದಂತೆ. ಸಂತೋಷ ಅಂತಲೇ ಬರೆಯಬಹುದು.

ದೊಡ್ಡಮ್ಮ ನನ್ನ ರಕ್ತ ತೆಗೆದರು. "ಕೊನೇ ಸಲ ಯಾವಾಗ ನೋಡ್ಕೊಂಡಿದ್ದೆ?" ಅಂದರು. ನೋಡಿಕೊಂಡೇ ಇಲ್ಲ. ಅಡುಗೆಯವರು ಹಸಿದಿರುತ್ತಾರಲ್ಲ, ಹಾಗೆ.

ಎಎಲ್‌ಟಿ ೧೧೮. ಜಿಜಿಟಿ ೨೬೪.

ಮೊದಲನೆಯದು ಮೂರು ಪಟ್ಟು. ಎರಡನೆಯದು ಕುಡಿಯುವವರನ್ನು ಹಿಡಿದುಕೊಡುವ ಕಿಣ್ವ. ಹೆಂಡತಿ ಬಿಟ್ಟು ಹೋದ ಮೇಲೆ, ಒಂಬತ್ತು ವರ್ಷದಿಂದ, ಪ್ರತಿ ಸಂಜೆ. ಈ ಪುಸ್ತಕದಲ್ಲಿ ಒಂದು ದಿನವೂ ಅದನ್ನು ಬರೆದಿಲ್ಲ ನಾನು. ಹಿಂದಿನ ಪುಟಗಳನ್ನು ತಿರುವಿ ನೋಡಿದೆ, "ಸಂಜೆ ಬೇಗ ಮಲಗಿದೆ" ಅಂತಿದೆ, ಎಲ್ಲ ಕಡೆ.

ವರದಿ ಇನ್ನೂ ಹೋಗಿರಲಿಲ್ಲ. ದೊಡ್ಡಮ್ಮನ ಕಡೆ ತಿರುಗಿ, "ನನ್ನ ಹೆಸರಿನ ಟ್ಯೂಬಿಗೆ ನಿಮ್ಮ ರಕ್ತ ಎರಡು ಎಂಎಲ್ ಕೊಡಿ" ಅಂದೆ. ಇಪ್ಪತ್ತೆರಡು ವರ್ಷದಲ್ಲಿ ದಶಾಂಶ ಬಿಂದುವಿನ ಆಚೆಯ ಅಂಕಿಯನ್ನೂ ತಿದ್ದಿದವನಲ್ಲ.

ಅವರು ಬೈಯಲಿಲ್ಲ. ತೋಳಿನ ಬಟ್ಟೆ ಮಡಿಸಿ ಕೈ ಚಾಚಿಯೇ ಬಿಟ್ಟರು. "ತಗೋ. ರಕ್ತ ಕೊಡ್ತೀನಪ್ಪಾ. ಆದ್ರೆ ನಾಳೆ ಸ್ಕ್ಯಾನಲ್ಲಿ ಮಲಗೋದು ನೀನೇ. ಅಲ್ಲಿಗೆ ನನ್ನ ಲಿವರ್ ತಂದು ಇಡಕ್ಕಾಗುತ್ತಾ? ಅವರಿಗೂ ಗೊತ್ತಾಗದೆ ನಿನ್ನ ಕೊಯ್ದ್ರು ಅಂತಿಟ್ಕೋ. ನೀನೂ ಹೋಗ್ತೀಯ, ಅವಳೂ ಹೋಗ್ತಾಳೆ. ಆ ಹುಡುಗಿ ಎಷ್ಟು ಜನಕ್ಕೆ ಅಳಬೇಕು?"

ಸೂಜಿ ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ನಿಂತಿದ್ದೆ. ಅವರೂ ಕೈ ಹಿಂದಕ್ಕೆ ತೆಗೆಯಲಿಲ್ಲ.

ಕೊನೆಗೆ ನನ್ನ ವರದಿಗೆ ನಾನೇ ಸಹಿ ಹಾಕಿ ಕಳಿಸಿದೆ.

ಮಾರ್ಚ್ ೧೪, ಶನಿವಾರ

೩೬೪೦.

ಸ್ಕ್ಯಾನ್ ಕೂಡ ಅದನ್ನೇ ಹೇಳಿತು. ಡಾಕ್ಟರು ನನಗಿಂತ ಚಿಕ್ಕವರು, ಕಣ್ಣು ತಪ್ಪಿಸಿ ಮಾತಾಡಿದರು. "ನಿಮ್ಮದರಲ್ಲಿ ಕೊಬ್ಬು ಬಹಳ ಸರ್. ಗಾಯದ ಗುರುತೂ ಶುರುವಾಗಿದೆ. ಇದನ್ನ ಕೊಯ್ಯಕ್ಕಾಗಲ್ಲ." ಕುಡಿಯುವುದನ್ನು ನಿಲ್ಲಿಸಿದರೆ ಸುಧಾರಿಸುತ್ತದೆ, ಆರು ತಿಂಗಳು ಬೇಕು ಅಂದರು. ಅಕ್ಕನಿಗೆ ಆರು ದಿನ ಇಲ್ಲ.

ಭಾವನಿಗೆ ನಾನೇ ಹೇಳುತ್ತೇನೆ ಅಂದೆ. ಕೆಳಗಿನ ಕ್ಯಾಂಟೀನಿಗೆ ಕರೆದುಕೊಂಡು ಹೋದೆ. ಗೋಡೆಯ ಪಕ್ಕದ ಮೇಜು, ಅದರ ಒಂದು ಕಾಲು ಕುಂಟುತ್ತಿತ್ತು. ಅವರು ಕಾಗದ ಮಡಿಸಿ ಅದರಡಿಗೆ ತುರುಕಿ, ಅಲ್ಲಾಡಿಸಿ ನೋಡಿ, ಆಮೇಲೆ ಕೂತರು.

"ನನ್ನದು ಆಗಲ್ವಂತೆ" ಅಂದೆ. ಕಾರಣವನ್ನೂ ಹೇಳಿದೆ.

"ಇನ್ನೊಂದ್ಸಲ ನೋಡ್ಲಿ. ಯಂತ್ರ ತಪ್ಪಿರಬಹುದು."

"ಯಂತ್ರ ತಪ್ಪಿಲ್ಲ."

ಅವರು ತಲೆ ಅಲ್ಲಾಡಿಸಿದರು. ಅಷ್ಟಕ್ಕೇ ಎದ್ದು ಬರಬಹುದಿತ್ತು. ಯಾಕೋ ಬರಲಾಗಲಿಲ್ಲ. ಫೋನಿನ ವಿಷಯ ಹೇಳಿಬಿಟ್ಟೆ. ಅವಳು ಏನು ಕೇಳಿದಳು, ನಾನು ಏನು ಅಂದೆ, ಯಾವ ಕೆಲಸ ಮಾಡುತ್ತಾ ಅಂದೆ, ಎಲ್ಲ.

ಅವರು ಚಹಾದ ಮೇಲೆ ಕಟ್ಟಿದ ಕೆನೆಯನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದರು.

"ನಿನ್ನ ಹೊಡೀಬೇಕು ಅನ್ನಿಸ್ತಿದೆ" ಅಂದರು. "ಕೈ ಏಳ್ತಿಲ್ಲ."

ಬೆರಳನ್ನು ಅಂಗಿಗೆ ಒರೆಸಿಕೊಂಡು ಮುಂದುವರಿಸಿದರು.

"ಹೋದ ವರ್ಷ ಹಲ್ಲಿನ ಡಾಕ್ಟರ ಕುರ್ಚಿಯಿಂದ ಇಳಿದು ಓಡಿ ಬಂದಿದ್ಲು. ಕುತ್ತಿಗೆಗೆ ಕಟ್ಟಿದ್ದ ಬಟ್ಟೆ ಸಮೇತ, ಬಸ್ ಸ್ಟಾಪಿನ ತನಕ. ನಂಗೆ ನಗು ತಡೆಯಕ್ಕಾಗ್ಲಿಲ್ಲ. ಬಂದವರಿಗೆಲ್ಲ ಹೇಳಿ ಹೇಳಿ ನಗಿಸಿದೆ. ಅದಕ್ಕೇ ಈ ಸಲ ನಂಗೆ ಹೇಳಿಲ್ಲ ಅವಳು. ಕೆನ್ನೆ ಯಾಕೆ ಊದಿದೆ ಅಂತ ಕೇಳಿದೆ. ಸೊಳ್ಳೆ ಅಂದ್ಲು. ಸೊಳ್ಳೆ ಕಚ್ಚಿದ್ರೆ ಅಷ್ಟು ಊದುತ್ತೇನೋ?"

"ಇಲ್ಲ."

"ನಂಬಿದೆ ನೋಡು. ಒಂದು ಕಡೆ ಅರ್ಜೆಂಟಿತ್ತು. ನಂಬಿ ಹೋದೆ."

ಚಹಾ ಇಬ್ಬರೂ ಕುಡಿಯಲಿಲ್ಲ.

ಮಾರ್ಚ್ ೧೫, ಭಾನುವಾರ

೨೪೯೦.

ಉಸಿರಾಟದ ಯಂತ್ರ ಹಾಕಿದ್ದಾರೆ. ಹಲ್ಲಿನ ಬುಡದ ಕೀವು ರಕ್ತಕ್ಕೂ ಹಬ್ಬಿದೆ. ಈಗ ಯಾರದಾದರೂ ಲಿವರ್ ಸಿಕ್ಕರೂ ಹಾಕುವುದಿಲ್ಲ ಅಂದರು. ಹೆಸರು ಪಟ್ಟಿಯಿಂದ ತೆಗೆದರು.

ಪುಟ್ಟಿ ನಿಗಾದ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತು ಓದುತ್ತಿದ್ದಳು. ನನಗಾಗಿ ಕಾದಿದ್ದವಳಂತೆ ಪುಸ್ತಕ ತೆರೆದಳು. ಗೆರೆ ಎಷ್ಟು ಚೆನ್ನಾಗಿ ಬಾಗಿದೆ, ಪಠ್ಯಪುಸ್ತಕದಲ್ಲಿ ಅಚ್ಚು ಹಾಕಿದ ಹಾಗೆ.

"ದಿನಾ ಮೂರರಲ್ಲಿ ಒಂದು ಪಾಲು ಕಮ್ಮಿಯಾಗ್ತಿದೆ ಮಾಮ, ಹೆಚ್ಚುಕಮ್ಮಿ. ಇದೇ ಲೆಕ್ಕದಲ್ಲಿ ಹೋದ್ರೆ ಇಪ್ಪತ್ತಾರಕ್ಕೆ ನಲವತ್ತಕ್ಕೆ ಬರುತ್ತೆ. ಅಷ್ಟೊತ್ತಿಗೆ ನನ್ನ ಪರೀಕ್ಷೆನೂ ಮುಗಿಯುತ್ತೆ. ಉಸಿರಾಟಕ್ಕೆ ಅದು ಹಾಕಿರೋದು ರೆಸ್ಟ್ ಕೊಡಕ್ಕೆ ತಾನೆ?"

ಅವಳ ಹಿಂದೆ ಭಾವ ನಿಂತಿದ್ದರು. ಗೋಡೆಯ ಕಡೆ ತಿರುಗಿಕೊಂಡರು.

ಆಮೇಲೆ ಮೆಟ್ಟಿಲ ಹತ್ತಿರ, "ನೀನೇ ಹೇಳು" ಅಂದರು. "ಅವಳ ಲೆಕ್ಕಕ್ಕೆ ಉತ್ತರ ನನ್ನ ಹತ್ರ ಇಲ್ಲ." ನಾಳೆ ಒಟ್ಟಿಗೆ ಹೇಳೋಣ ಅಂದುಕೊಂಡೆವು.

ಮಾರ್ಚ್ ೧೬, ಸೋಮವಾರ

ಪರೀಕ್ಷೆಯಿಂದ ಬಂದ ಮೇಲೆ ಹೇಳಿದೆವು. ಆಸ್ಪತ್ರೆಯ ಹಿಂಬದಿಯಲ್ಲಿ ಬಟ್ಟೆ ಒಗೆಯುವ ಕೋಣೆ ಇದೆ, ಅದರ ಮುಂದಿನ ಕಟ್ಟೆಯ ಮೇಲೆ. ಹಬೆಯ ವಾಸನೆ, ಒಳಗೆ ಯಂತ್ರಗಳು ಗಡಗಡ ಅನ್ನುತ್ತಿದ್ದವು. ಗಟ್ಟಿಯಾಗಿ ಮಾತಾಡಬೇಕಾಯಿತು. ಇಂಥ ವಿಷಯವನ್ನು ಗಟ್ಟಿಯಾಗಿ ಹೇಳಬೇಕಾಗಿ ಬರಬಾರದು.

ಅಂಕಿ ಇಳಿಯಲು ಎರಡು ಕಾರಣ ಅಂದೆ. ಗಾಯ ಮಾಯ್ದರೆ ಇಳಿಯುತ್ತದೆ. ಒಡೆಯಲು ಕೋಶಗಳೇ ಉಳಿಯದಿದ್ದರೂ ಇಳಿಯುತ್ತದೆ. ಅಂಕಿ ನೋಡಿದರೆ ಎರಡೂ ಒಂದೇ. ಬೇರೆ ಪರೀಕ್ಷೆ ನೋಡಬೇಕು.

"ಅಮ್ಮಂದು ಎರಡನೇದು" ಅಂದಳು. ಕೇಳಿದ್ದಲ್ಲ.

"ಹೂಂ."

"ನಿಮಗೆ ಯಾವಾಗ ಗೊತ್ತಾಯ್ತು?"

ಭಾವ, "ಈಗ ಅದೆಲ್ಲ ಯಾಕೆ ಮಗಾ" ಅಂದರು. ಅವಳು ನನ್ನನ್ನೇ ನೋಡುತ್ತಿದ್ದಳು.

"ಗುರುವಾರ ಬೆಳಿಗ್ಗೆ."

"ನಾನು ಬರೋದಕ್ಕೆ ಮುಂಚೆನಾ, ಆಮೇಲಾ?"

"ಮುಂಚೆ."

ಅವಳು ಪುಸ್ತಕವನ್ನು ಮಡಿಲಲ್ಲಿ ನೆಟ್ಟಗೆ ಇಟ್ಟುಕೊಂಡಳು. "ಅವತ್ತು ಅಮ್ಮ ಮಾತಾಡ್ತಿದ್ರು" ಅಂದಳು. "ನಾನು ಹೋಗ್ಲಾ ಅಂತ ಕೇಳಿದ್ದೆ. ನೀವು ಹೋಗು ಅಂದ್ರಿ. ನಾನು ಬಂದಾಗ ಅಮ್ಮಂಗೆ ಮಾತಿರಲಿಲ್ಲ."

ಅವಳ ಪರೀಕ್ಷೆ ಕೆಡಬಾರದು ಅಂತ ಮಾಡಿದೆ ಅಂದೆ. ಹೇಳುವಾಗಲೇ ಅದು ಪೂರ್ತಿ ನಿಜವಲ್ಲ ಅನ್ನಿಸಿತು. ಅವಳ ಮುಖ ಅರಳಿದ್ದನ್ನು ಕೆಡಿಸುವ ಧೈರ್ಯ ನನಗಿರಲಿಲ್ಲ, ಅಷ್ಟೇ. ಎರಡೇ ಮಾತು, ಎರಡೂ ಸಲ ಸುಲಭವಾದದ್ದನ್ನೇ ಆಡಿದೆ. ಏನೂ ಆಗಲ್ಲ ತಗೋ ಅಂದೆ. ಇಳೀತಿದೆ ಹೋಗು ಅಂದೆ.

ಅವಳು ಎದ್ದು ಒಳಗೆ ಹೋದಳು. ಭಾವ ಹಿಂದೆ ಹೋದರು.

ಇವತ್ತಿನ ಅಂಕಿ ಬರೆಯಬಾರದು ಅಂದುಕೊಂಡಿದ್ದೆ. ೧೭೧೦.

ಮಾರ್ಚ್ ೧೭, ಮಂಗಳವಾರ

ಪುಟ್ಟಿ ಪರೀಕ್ಷೆಗೆ ಹೋಗಲಿಲ್ಲ. ಇಡೀ ದಿನ ಅಕ್ಕನ ಕೈ ಹಿಡಿದು ಕೂತಿದ್ದಳು. ನಾನು ಬಾಗಿಲ ತನಕ ಹೋಗಿ ಹೋಗಿ ಬಂದೆ.

ಮಾರ್ಚ್ ೧೮, ಬುಧವಾರ

ಆರಕ್ಕೆ ತೆಗೆದ ರಕ್ತವನ್ನು ಏಳು ಗಂಟೆಗೆ ಹಾಕಿದೆ. ೮೧೦. ಈ ಸಲ ತೆಳು ಮಾಡಬೇಕಾಗಿ ಬರಲಿಲ್ಲ, ಯಂತ್ರ ಒಂದೇ ಸಲಕ್ಕೆ ಓದಿತು. ಕಾಗದ ಹೊರಗೆ ಬರುತ್ತಿದ್ದಾಗ ದೊಡ್ಡಮ್ಮ ಫೋನ್ ಕೆಳಗಿಟ್ಟು ನನ್ನ ಹತ್ತಿರ ಬಂದರು. ಅವರು ಏನೂ ಹೇಳುವ ಮೊದಲೇ ಬಿಳಿ ಕೋಟು ಬಿಚ್ಚಿದೆ.

ಏಳು ಹತ್ತಕ್ಕೆ ಹೋದಳಂತೆ.

ಮಾರ್ಚ್ ೨೪, ಮಂಗಳವಾರ

ಎಲ್ಲ ಮುಗಿಯಿತು. ಬಂದವರು ಹೋದರು. ಅಕ್ಕನ ಚಪ್ಪಲಿ ಇನ್ನೂ ಅವಳ ಮನೆ ಬಾಗಿಲಲ್ಲೇ ಇದೆ, ತೆಗೆಯಲು ಯಾರಿಗೂ ಮನಸ್ಸಿಲ್ಲ, ದಾಟಿಕೊಂಡು ಓಡಾಡುತ್ತೇವೆ.

ಪುಟ್ಟಿ ನಾನಿರುವ ಕೋಣೆಗೆ ಬರುವುದಿಲ್ಲ. ಭಾವ ಅವಳ ಪರವಾಗಿ ಏನೋ ಹೇಳಲು ಹೊರಟರು, ಬೇಡ ಅಂದೆ.

ಶುಕ್ರವಾರ, ಶನಿವಾರ, ಭಾನುವಾರ ಕುಡಿದೆ. ಭಾನುವಾರ ಬೆಳಿಗ್ಗೆಯಿಂದಲೇ. ನಿನ್ನೆ ಕುಡಿದಿಲ್ಲ. ಕುಡಿಯಬಾರದು ಅಂತಲ್ಲ, ಭಾವ ನನ್ನ ಮನೆಗೆ ಬಂದು ಏಳೂವರೆಗೆ ಊಟಕ್ಕೆ ಎಳೆದುಕೊಂಡು ಹೋದರು. ಅವರ ಅಡುಗೆ. ತಿಂದೆ ಅನ್ನುವುದಕ್ಕಿಂತ ನುಂಗಿದೆ ಅನ್ನಬೇಕು. ಅವರೂ ಅದನ್ನೇ ಅಂದರು, "ಅಗಿಯಬೇಡ, ನುಂಗು, ಗೊತ್ತಾಗಲ್ಲ" ಅಂತ. ಇಬ್ಬರೂ ನಕ್ಕೆವು. ನಕ್ಕಿದ್ದಕ್ಕೆ ಆಮೇಲೆ ಇಬ್ಬರಿಗೂ ತಲೆ ಎತ್ತಲಾಗಲಿಲ್ಲ. ಪುಟ್ಟಿ ಇದ್ದ ಒಳಕೋಣೆಯ ಬಾಗಿಲು ಮುಚ್ಚಿತ್ತು.

ಏಪ್ರಿಲ್ ೩, ಶುಕ್ರವಾರ

ಕೆಲಸಕ್ಕೆ ಸೇರಿ ನಾಲ್ಕು ದಿನ. ಇವತ್ತು ಒಂದು ಟ್ಯೂಬಿಗೆ ಯಂತ್ರ ಗೀಟು ಹಾಕಿತು. ತೆಳು ಮಾಡಿ ನೋಡಿದೆ, ೪೨೨೦. ಇಪ್ಪತ್ತೊಂಬತ್ತು ವರ್ಷದ ಹೆಂಗಸು. ವಾರ್ಡಿಗೆ ಫೋನ್ ಮಾಡಿ ಅಂಕಿ ಹೇಳಿ, ಯಾವ ಯಾವ ಮಾತ್ರೆ ತಗೊಂಡಿದಾರೆ, ಎಷ್ಟು ದಿನದಿಂದ, ಎರಡು ಹೆಸರಿನದು ಒಟ್ಟಿಗೆ ತಗೊಂಡಿದಾರಾ ಅಂತ ಕೇಳಿದೆ. "ಅದೆಲ್ಲ ನಿಮಗ್ಯಾಕೆ ಸರ್, ಡಾಕ್ಟರ್ ನೋಡ್ತಾರೆ" ಅಂದಳು ನರ್ಸ್. ಮೇಲೆ ಹೋಗಿ ನಾನೇ ಕೇಳಿದೆ. ಮಾತ್ರೆ ಅಲ್ಲವೇ ಅಲ್ಲ, ಕಾಮಾಲೆಯ ಸೋಂಕು. ಗುಣವಾಗುತ್ತಾಳಂತೆ. ಅವಳ ತಮ್ಮ ಪಕ್ಕದಲ್ಲಿ ಕೂತು ಮೊಬೈಲಿನಲ್ಲಿ ಆಟ ಆಡುತ್ತಿದ್ದ. ಅವನ ಮೇಲೆ ಬಂದ ಸಿಟ್ಟು ಕೆಳಗಿಳಿಯುವ ತನಕ ಆರಲಿಲ್ಲ.

ಏಪ್ರಿಲ್ ೧೨, ಭಾನುವಾರ

ಮಧ್ಯಾಹ್ನ ಅಕ್ಕನ ಮನೆಗೆ ಹೋದಾಗ ಭಾವ ಇರಲಿಲ್ಲ, ಯಾವುದೋ ಲಿಫ್ಟ್ ಕೆಟ್ಟಿದೆ ಅಂತ ಕರೆ. ಬಾಗಿಲು ತೆಗೆದವಳು ಪುಟ್ಟಿ. ಹಿಂದಿರುಗೋಣ ಅಂದುಕೊಂಡೆ.

"ಬನ್ನಿ" ಅಂದಳು. ಒಂದು ತಿಂಗಳಲ್ಲಿ ಮೊದಲ ಮಾತು.

ಅಡುಗೆಮನೆಯಲ್ಲಿ ಪಾತ್ರೆಗಳನ್ನೆಲ್ಲ ಕೆಳಗಿಳಿಸಿ ಒರೆಸುತ್ತಿದ್ದಳು. ನನ್ನನ್ನು ನಿಲ್ಲಿಸಿಯೇ ಕೇಳಿದಳು. "ಗುರುವಾರ ಮಧ್ಯಾಹ್ನ ನೀವು ಅಮ್ಮನ ಹತ್ರ ಕೂತಿದ್ರಿ ಅಂತ ನರ್ಸ್ ಹೇಳಿದ್ರು. ಅಮ್ಮ ಏನೇನು ಮಾತಾಡಿದ್ರು? ಎಲ್ಲಾ ಹೇಳಿ. ಬಿಡಬಾರದು."

ಕಿಟಕಿಯ ವಿಷಯ ಹೇಳಿದೆ. ಮುಚ್ಚು, ತೆಗಿ. ಬಾಯಿ ಒಣಗಿದೆ ಅಂದಳು, ತುಟಿಗೆ ನೀರು ಹಚ್ಚಿದೆ. ನಿಮ್ಮಪ್ಪನಿಗೆ ಬಿಸಿನೀರಿನ ಕೊಳಾಯಿ ಸೋರುತ್ತಿದೆ ಅಂತ ಹೇಳು ಅಂದಳು. ನೀನು ತೆಳ್ಳಗಾಗಿದ್ದೀಯ ಅಂತ ನನಗೆ ಬೈದಳು. ಅಷ್ಟಕ್ಕೆ ನಿಲ್ಲಿಸಿದೆ.

"ಅಷ್ಟೇನಾ?"

ಅಷ್ಟೇ ಅನ್ನಬಹುದಿತ್ತು. ನಾಲಿಗೆಯ ತುದಿಗೇ ಬಂದಿತ್ತು. ಹದಿನಾರು ವರ್ಷದ ಹುಡುಗಿ, ತಾಯಿ ಇಲ್ಲದವಳು, ಯಾಕೆ ಇನ್ನೂ ಒಂದು ಭಾರ ಅನ್ನಿಸಿತು. ಈ ಪುಸ್ತಕದಲ್ಲೂ ಬರೆದಿರಲಿಲ್ಲ ನಾನು ಅದನ್ನು. ಏನೇನೋ ಕೇಳಿದಳು ಅಂತ ಬರೆದಿದ್ದೇನೆ.

"ಇಲ್ಲ" ಅಂದೆ. "ನಿನ್ನ ಕೇಳಿದ್ಲು. ಪುಟ್ಟಿ ಎಲ್ಲಿ ಅಂತ ಕೇಳಿದ್ಲು. ಪರೀಕ್ಷೆಗೆ ಹೋಗಿದಾಳೆ, ಸಂಜೆ ಬರ್ತಾಳೆ ಅಂದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದ್ಲು. ಮತ್ತೆ ಅದನ್ನೇ ಹೇಳಿದೆ."

"ಎಷ್ಟು ಸಲ?"

"ಮೂರು ಸಲ. ಮೂರನೇ ಸಲ, ಪುಟ್ಟಿ ಬಂದ ಕೂಡಲೇ ನನ್ನ ಎಬ್ಬಿಸು, ಅಕ್ಕ ನಿದ್ದೆ ಮಾಡ್ತಿದಾಳೆ ಅಂತ ಬಿಡಬೇಡ ಅಂದ್ಲು."

ಪುಟ್ಟಿ ಒರೆಸುತ್ತಿದ್ದ ಪಾತ್ರೆಯನ್ನು ಕೆಳಗಿಟ್ಟಳು.

"ನಾನು ಬಂದಾಗ ಎಬ್ಬಿಸಿದ್ರಾ?"

"ಎಬ್ಬಿಸಿದೆ. ಬಹಳ ಹೊತ್ತು ಎಬ್ಬಿಸಿದೆ."

"ಹೌದು" ಅಂದಳು. "ನೋಡಿದೆ ನಾನು. ಭುಜ ಹಿಡಿದು ಅಲ್ಲಾಡಿಸ್ತಿದ್ರಿ. ಯಾಕೆ ಹಾಗೆ ಮಾಡ್ತಿದೀರ ಅಂತ ನಿಮ್ಮ ಮೇಲೆ ಸಿಟ್ಟು ಬಂದಿತ್ತು."

ಆಮೇಲೆ ಅವಳು ಪಾತ್ರೆಗಳ ನಡುವೆ ನೆಲದ ಮೇಲೆ ಕೂತು ಅಳಲು ಶುರು ಮಾಡಿದಳು. ಆಸ್ಪತ್ರೆಯಲ್ಲಿ ಅತ್ತಿರಲಿಲ್ಲ, ಅಕ್ಕ ಹೋದ ದಿನವೂ ಅತ್ತಿರಲಿಲ್ಲ. ತಲೆ ಮುಟ್ಟಲು ಹೋದೆ, ಸರಿದುಕೊಂಡಳು. ಸಮಾಧಾನದ ಮಾತು ಒಂದೂ ಬಾಯಿಗೆ ಬರಲಿಲ್ಲ, ಬಂದಿದ್ದರೂ ಆಡುತ್ತಿರಲಿಲ್ಲ. ಅವಳಿಂದ ಸ್ವಲ್ಪ ದೂರದಲ್ಲಿ, ಎರಡು ದೊಡ್ಡ ಪಾತ್ರೆಗಳನ್ನು ಪಕ್ಕಕ್ಕೆ ಸರಿಸಿ, ನಾನೂ ಕೆಳಗೆ ಕೂತೆ.

ಎದ್ದು ಹೋಗಿ ಅಂತ ಅವಳು ಅನ್ನಲಿಲ್ಲ.